ಹಳೆಯ ಗಾಡಿಗೆ ಹೊಸ ಕಸುವು: ಮಾರುವಾಗ ಬೆಲೆ ಯಾವುದಕ್ಕೆ?

ಮೇ, ಜೂನ್ ತಿಂಗಳು ಬಂತೆಂದರೆ ಮಲೆನಾಡಿನ ಹಲವು ಮನೆಗಳಲ್ಲಿ ಎರಡು ಲೆಕ್ಕಗಳು ಒಟ್ಟಿಗೇ ಶುರುವಾಗುತ್ತವೆ. ಒಂದು, ಪಿಯುಸಿ ಮುಗಿಸಿದ ಮಗನ ಅಥವಾ ಮಗಳ ಕಾಲೇಜು ಶುಲ್ಕದ್ದು. ಇನ್ನೊಂದು, ಅಂಗಳದಲ್ಲಿ ನಿಂತಿರುವ ಡೀಸೆಲ್ ಗಾಡಿಯದು. ಕಾಫಿ, ಮೆಣಸಿನ ಹಣ ಹಳೆಯ ಸಾಲಕ್ಕೂ ಗೊಬ್ಬರಕ್ಕೂ ಹೋಗಿರುತ್ತದೆ. ಸೀಟು ಸಿಕ್ಕಿದ ಮೇಲೆ ಹಣ ಕಟ್ಟಲು ಇರುವ ಕಾಲಾವಕಾಶ ಕೆಲವೇ ದಿನ. ಆಗ ಮನೆಯಲ್ಲಿ ಸುಲಭವಾಗಿ ನಗದಾಗಬಲ್ಲ ವಸ್ತುಗಳ ಪೈಕಿ ಚಿನ್ನದ ನಂತರ ಕಣ್ಣು ಬೀಳುವುದು ಗಾಡಿಯ ಮೇಲೆ.

ಈ ಗಾಡಿಗಳಲ್ಲಿ ಹೆಚ್ಚಿನವು ಚೆನ್ನಾಗಿ ಸಾಕಿದ ಹಸುವಿನಂತೆ ಇರುತ್ತವೆ. ಹೊತ್ತಿಗೆ ಸರಿಯಾಗಿ ಆಯಿಲ್, ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಬ್ರೇಕು, ಟಯರು. ಅದರ ಮೇಲೆ ಎಂಜಿನ್ನಿನ ಕಸುವು ಹೆಚ್ಚಿಸಲು ಮಾಡಿಸಿದ ಕೆಲಸವೂ ಇರುತ್ತದೆ. ದೊಡ್ಡ ಇಂಟರ್‌ಕೂಲರ್, ಬೇರೆ ಟರ್ಬೊ, ಇಲ್ಲವೇ ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಲೆಕ್ಕಾಚಾರ. ಎಷ್ಟೋ ವೇಳೆ ಇದನ್ನು ಹಟ ಹಿಡಿದು ಮಾಡಿಸಿದವನು ಮನೆಯ ಮಗನೇ. ಮಾರುವಾಗ ಅಪ್ಪ, ಮಗ ಇಬ್ಬರದೂ ಒಂದೇ ನಿರೀಕ್ಷೆ: ‘ಇಷ್ಟೆಲ್ಲ ಸುರಿದಿದ್ದೇವೆ, ಬೆಲೆ ಹೆಚ್ಚೇ ಬರಬೇಕು.’

ಆದರೆ ಕೊಳ್ಳಲು ಬಂದವರ ಮುಖ ಈ ಪಟ್ಟಿಯನ್ನು ಕೇಳಿದ ಕೂಡಲೇ ಅರಳುವ ಬದಲು ಕುಗ್ಗುತ್ತದೆ. ಹೀಗೇಕೆ? ಉತ್ತರ ತರಗತಿಯಲ್ಲಿ ಓದುವ ಮೂರು ವಿಷಯಗಳಲ್ಲಿ ಹಂಚಿಹೋಗಿದೆ. ಒಂದು ಪಾಲು ಭೌತವಿಜ್ಞಾನದಲ್ಲಿ, ಒಂದು ಅರ್ಥಶಾಸ್ತ್ರದಲ್ಲಿ, ಮತ್ತೊಂದು ಕಾನೂನಿನಲ್ಲಿ.

ಗಾಳಿಯ ಕೆಲಸ

ಜರ್ಮನಿಯ ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಔಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ್ದು 1897ರಲ್ಲಿ. ಪೆಟ್ರೋಲ್ ಎಂಜಿನ್ನಿನಂತೆ ಇದಕ್ಕೆ ಕಿಡಿ ಬೇಕಿಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಅದರ ಗಾತ್ರದ ಹದಿನಾರರಿಂದ ಇಪ್ಪತ್ತನೆಯ ಒಂದು ಪಾಲಿಗೆ ಅದುಮಿದರೆ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕಾದ ಗಾಳಿಗೆ ಡೀಸೆಲ್ಲನ್ನು ಚಿಮ್ಮಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಇಲ್ಲಿ ಕಸುವಿನ ಗುಟ್ಟು ಗಾಳಿಯಲ್ಲಿದೆ. ಹೆಚ್ಚು ಗಾಳಿ ತುಂಬಿದರೆ ಹೆಚ್ಚು ಡೀಸೆಲ್ ಉರಿಸಬಹುದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದ ಟರ್ಬೊ ವಿಚಾರದ ತಿರುಳೂ ಇದೇ. ಹೊರಹೋಗುವ ಹೊಗೆಯ ರಭಸದಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದರಿಂದ ಒಳಗೆ ಗಾಳಿ ಒತ್ತುವುದು. ಇಂದಿನ ಗಾಡಿಗಳ ಟರ್ಬೊ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಒತ್ತಿದ ಗಾಳಿ ಬಿಸಿಯಾಗಿ ಹಿಗ್ಗುವುದರಿಂದ ಅದನ್ನು ತಣಿಸಲು ಇಂಟರ್‌ಕೂಲರ್. ಕಾಮನ್ ರೇಲ್ ಎಂಜಿನ್ನುಗಳಲ್ಲಿ ಯಾವ ಕ್ಷಣಕ್ಕೆ ಎಷ್ಟು ಡೀಸೆಲ್ ಚಿಮ್ಮಬೇಕೆಂದು ಲೆಕ್ಕ ಹಾಕುವುದು ಕಂಪ್ಯೂಟರ್. ಆ ಲೆಕ್ಕವನ್ನು ತಿದ್ದುವುದನ್ನೇ ‘ರೀಮ್ಯಾಪ್’ ಎನ್ನುತ್ತಾರೆ.

ಘಾಟಿಯಲ್ಲಿ ಲೋಡ್ ಹೊತ್ತು ಏರುವಾಗ ಇದರ ಸುಖ ಗೊತ್ತಾಗುತ್ತದೆ. ಆದರೆ ಕಂಪನಿಯವರು ಕ್ಲಚ್, ಗೇರ್‌ಬಾಕ್ಸ್, ರೇಡಿಯೇಟರ್, ಬ್ರೇಕ್ ಎಲ್ಲವನ್ನೂ ಮೂಲ ಕಸುವಿಗೆ ತಕ್ಕಂತೆ ಹೊಂದಿಸಿರುತ್ತಾರೆ. ಎತ್ತು ಬದಲಾಯಿಸಿ ನೊಗ ಹಳೆಯದೇ ಉಳಿದರೆ ಮುರಿಯುವುದು ನೊಗವೇ. ಕೊಳ್ಳುವವನ ಮನಸ್ಸಿನಲ್ಲಿ ಮೂಡುವ ಪ್ರಶ್ನೆ ಇದು: ಕಸುವು ಹೆಚ್ಚಿಸಿದ್ದೀರಿ ಸರಿ, ಅದನ್ನು ತಾಳಿಕೊಳ್ಳುವ ಭಾಗಗಳು ಈವರೆಗೆ ಎಷ್ಟು ಸವೆದಿವೆ?

ನಿಂಬೆಹಣ್ಣಿನ ಪಾಠ

ಅಮೆರಿಕದ ಆಡುಮಾತಿನಲ್ಲಿ ಕೈಕೊಡುವ ಹಳೆಯ ಕಾರಿಗೆ ‘ನಿಂಬೆಹಣ್ಣು’ ಎಂಬ ಹೆಸರಿದೆ. ಈ ನಿಂಬೆಹಣ್ಣಿನ ಮಾರುಕಟ್ಟೆಯ ಬಗ್ಗೆ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅದಕ್ಕೆ ಮೊದಲು ಮೂರು ಪತ್ರಿಕೆಗಳು ಅದನ್ನು ತಿರಸ್ಕರಿಸಿದ್ದವು. 2001ರಲ್ಲಿ ಅವರು ಇನ್ನಿಬ್ಬರ ಜೊತೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಹಂಚಿಕೊಂಡಾಗ ಅದಕ್ಕೆ ಮುಖ್ಯ ಕಾರಣಗಳಲ್ಲಿ ಆ ಲೇಖನವೂ ಒಂದು.

ಅವರ ವಾದವನ್ನು ನಮ್ಮ ಲೆಕ್ಕದಲ್ಲಿ ಹೀಗೆ ಹೇಳಬಹುದು. ಒಳ್ಳೆಯ ಸ್ಥಿತಿಯ ಗಾಡಿಗೆ 5 ಲಕ್ಷ, ಕೆಟ್ಟದ್ದಕ್ಕೆ 3 ಲಕ್ಷ ಬೆಲೆ ಎಂದಿಟ್ಟುಕೊಳ್ಳಿ. ಯಾವುದು ಯಾವುದೆಂದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ನಡುವಿನ 4 ಲಕ್ಷಕ್ಕೆ ಕೇಳುತ್ತಾನೆ. ಒಳ್ಳೆಯ ಗಾಡಿಯ ಮಾಲೀಕ ‘ಇಷ್ಟಕ್ಕೆ ಕೊಡಲಾರೆ’ ಎಂದು ಹಿಂದೆ ಸರಿಯುತ್ತಾನೆ. ಉಳಿದವುಗಳಲ್ಲಿ ಕೆಟ್ಟವೇ ಹೆಚ್ಚಾಗುತ್ತವೆ, ಬೆಲೆ ಇನ್ನೂ ಇಳಿಯುತ್ತದೆ. ಹೀಗೆ ಪ್ರಾಮಾಣಿಕನು ಅನುಮಾನದ ದಂಡ ಕಟ್ಟುತ್ತಾನೆ.

ಎಂಜಿನ್ ತಿದ್ದಿಸಿದ ಗಾಡಿಯಲ್ಲಿ ಈ ಅಂತರ ಇನ್ನಷ್ಟು ದೊಡ್ಡದು. ಕಂಪನಿಯ ಸ್ಥಿತಿಯಲ್ಲೇ ಇರುವ ಗಾಡಿಯ ಸ್ವಭಾವ ಊರಿನ ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತು. ತಿದ್ದಿದ್ದರ ಸ್ವಭಾವ ತಿದ್ದಿದವನಿಗೆ ಮಾತ್ರ ಗೊತ್ತು. ಆದ್ದರಿಂದ 60 ಸಾವಿರ ಖರ್ಚು ಮಾಡಿ ತಿದ್ದಿಸಿದರೆ ಬೆಲೆಯೂ 60 ಸಾವಿರ ಏರುತ್ತದೆಂಬ ಲೆಕ್ಕ ನಿಲ್ಲುವುದಿಲ್ಲ. ಅನುಮಾನವನ್ನು ಕಡಿಮೆ ಮಾಡಿದಷ್ಟೇ ಬೆಲೆ ಮೇಲೇಳುತ್ತದೆ.

ಮಾತಿಗಿಂತ ಕಡತ ಮೇಲು

ಅನುಮಾನ ಕಳೆಯುವ ಮೊದಲ ಸಾಧನ ಒಂದು ಸಾದಾ ಫೈಲು. ಪ್ರತಿ ಸರ್ವಿಸಿನ ಬಿಲ್ಲು ದಿನಾಂಕ ಮತ್ತು ಕಿಲೋಮೀಟರ್ ಸಮೇತ ಅದರಲ್ಲಿರಬೇಕು. ಬಿಲ್ಲುಗಳಲ್ಲಿ ಕಿಲೋಮೀಟರ್ ಕ್ರಮವಾಗಿ ಏರುತ್ತ ಬಂದಿದ್ದರೆ ಮೀಟರ್ ಹಿಂದಕ್ಕೆ ತಿರುಗಿಸಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಎಂಜಿನ್ ಕೆಲಸಕ್ಕೆ ಪ್ರತ್ಯೇಕ ಹಾಳೆ ಇರಲಿ: ಏನು ಬದಲಾಯಿತು, ಯಾವಾಗ, ಯಾವ ಗ್ಯಾರೇಜಿನಲ್ಲಿ, ತೆಗೆದ ಹಳೆಯ ಭಾಗ ಎಲ್ಲಿದೆ. ಮೂಲ ಭಾಗಗಳನ್ನು ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟವರು ಮಾರುವ ಹೊತ್ತಿಗೆ ಜಾಣರೆನಿಸುತ್ತಾರೆ.

ಎರಡನೆಯದು, ಎಂಜಿನ್ನನ್ನು ತಣ್ಣಗೇ ಬಿಟ್ಟಿರುವುದು. ಕೊಳ್ಳುವವರು ಬರುವ ಮುಂಚೆ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟರೆ ಅನುಭವಸ್ಥರು ಬಾನೆಟ್ ಮುಟ್ಟಿಯೇ ತಿಳಿಯುತ್ತಾರೆ. ಬೆಳಗಿನ ಮೊದಲ ಸ್ಟಾರ್ಟು ಎಂಜಿನ್ನಿನ ನಿಜವಾದ ಆರೋಗ್ಯ ಹೇಳುತ್ತದೆ. ಹೊಗೆಗೂ ಭಾಷೆಯಿದೆ. ಕಪ್ಪಾದರೆ ಗಾಳಿಗೆ ಮೀರಿದ ಡೀಸೆಲ್, ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಅಥವಾ ಕೂಲೆಂಟ್ ಒಳಗೆ ಸೇರುತ್ತಿದೆ. ಕಸುವಿನ ಆಸೆಗೆ ಡೀಸೆಲ್ ಹೆಚ್ಚಿಸಿ ಗಾಳಿಯನ್ನು ಮರೆತ ಗಾಡಿ ಕಪ್ಪು ಹೊಗೆಯಲ್ಲೇ ಸಿಕ್ಕಿಬೀಳುತ್ತದೆ.

ಮೂರನೆಯದು, ಕೊಳ್ಳುವವರ ಕಡೆಯ ಮೆಕ್ಯಾನಿಕ್ ಬಂದು ನೋಡಲು ತಡೆಯಿಲ್ಲದ ಒಪ್ಪಿಗೆ. ಬೇಡ ಎಂದರೆ ಅಲ್ಲಿಗೇ ಬೆಲೆ ಇಳಿಯಿತು.

ಒಂದು ಮನೆಯ ಲೆಕ್ಕ

ಉದಾಹರಣೆಗೆ ಸಕಲೇಶಪುರದ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. 2012ರ ಬೊಲೆರೊ, ಒಬ್ಬರೇ ಮಾಲೀಕರು, ಎಲ್ಲ ಬಿಲ್ಲೂ ಇದೆ. ಮಗ ಡಿಪ್ಲೊಮಾ ಓದುವಾಗ ರೀಮ್ಯಾಪ್ ಮಾಡಿಸಿ ಇಂಟರ್‌ಕೂಲರ್ ಬದಲಿಸಿದ್ದಾನೆ. ಈಗ ತಂಗಿಯ ಎಂಜಿನಿಯರಿಂಗ್ ಶುಲ್ಕಕ್ಕೆ ಗಾಡಿ ಮಾರಬೇಕು. ರೀಮ್ಯಾಪ್ ಕಣ್ಣಿಗೆ ಕಾಣುವಂಥದ್ದಲ್ಲ. ‘ಅವರು ಕೇಳಿದರೆ ಹೇಳೋಣ, ನಾವಾಗಿ ಯಾಕೆ ಹೇಳುವುದು?’ ಎನ್ನುತ್ತಾರೆ ಅಪ್ಪ. ‘ಅವರು ಟ್ರೇಲರ್ ಕಟ್ಟಿ ಶಿರಾಡಿ ಘಾಟಿ ಹತ್ತಿಸಿ ಕ್ಲಚ್ ಸುಟ್ಟರೆ ಅಪ್ಪಾ?’ ಎಂಬುದು ಮಗನ ಪ್ರಶ್ನೆ.

ಅವರ ಮುಂದೆ ಇರುವುದು ಮೂರು ದಾರಿ. ಮುಚ್ಚಿಟ್ಟು ಮಾರುವುದು: ಇಂದು ಹಣ, ನಾಳೆ ಜಗಳ. ಇದ್ದದ್ದನ್ನು ಹೇಳಿ ಮಾರುವುದು: ಕೊಳ್ಳುವವರ ಸಂಖ್ಯೆ ಕಡಿಮೆ, ಬೆಲೆಯಲ್ಲಿ ಚೌಕಾಸಿ ಹೆಚ್ಚು. ಮೂಲ ಸ್ಥಿತಿಗೆ ತಂದು ಮಾರುವುದು: ಗ್ಯಾರೇಜಿನ ಖರ್ಚು ಕೈಯಿಂದ ಹೋಗುತ್ತದೆ, ಆದರೆ ಯಾವ ಮೆಕ್ಯಾನಿಕ್ ನೋಡಿದರೂ ಗುರುತಿಸುವ ಗಾಡಿ ಸಿಗುತ್ತದೆ. ಆಗಲೂ ಇಷ್ಟು ವರ್ಷ ಹೆಚ್ಚಿನ ಕಸುವಿನಲ್ಲಿ ಓಡಿತ್ತೆಂಬುದನ್ನು ಹೇಳಲೇಬೇಕು, ಸವೆತ ಹಿಂದಕ್ಕೆ ಹೋಗುವುದಿಲ್ಲವಲ್ಲ. ಈ ಮೂರನೆಯ ದಾರಿ ಮೇಲೆಂದು ತೋರುವುದು ಕೇವಲ ನೀತಿಯ ಕಾರಣಕ್ಕಲ್ಲ, ಕಾನೂನಿನ ಕಾರಣಕ್ಕೂ ಹೌದು.

ಕಾಗದದ ಮೇಲಿನ ಗಾಡಿ

ಹಿಂದೆ ಪೆಟ್ರೋಲ್ ವಿಲ್ಲಿಸ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವುದು ಸಾಮಾನ್ಯ ಸಂಗತಿಯಾಗಿತ್ತು. 2000ದಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬದಲಾದ 182ಎ ಕಲಂ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗಿನ ಸಜೆ, ಇಲ್ಲವೇ ಎರಡನ್ನೂ ವಿಧಿಸಬಹುದೆನ್ನುತ್ತದೆ. ಎಂಜಿನ್ನನ್ನೇ ಬದಲಿಸಿದ್ದರೆ ಅದಕ್ಕೆ ಆರ್‌ಟಿಒ ಅನುಮತಿ ಪಡೆದು, ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ನಮೂದಾಗಿರಬೇಕು. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು, ಅಪಘಾತವಾದಾಗ ಗಾಡಿಯ ನಷ್ಟ ಪರಿಹಾರವನ್ನು ನಿರಾಕರಿಸಲು ಕಾರಣವಾಗಬಹುದು.

ಮಾರಿದ ಮೇಲಿನ ಹೊಣೆ ಇನ್ನೂ ಗಂಭೀರ. ಅನೇಕರು ಸ್ಟಾಂಪ್ ಪೇಪರಿನ ಮೇಲೆ ಸಹಿ ಹಾಕಿಸಿಕೊಂಡು ಕೀಲಿಕೈ ಕೊಟ್ಟುಬಿಡುತ್ತಾರೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣದಲ್ಲಿ ಕಾರೊಂದು 2007ರಲ್ಲಿ ಮಾರಾಟವಾಗಿ, ಕೈಯಿಂದ ಕೈಗೆ ದಾಟಿ, 2009ರಲ್ಲಿ ಅಪಘಾತಕ್ಕೆ ಸಿಕ್ಕಿತ್ತು. ನೋಂದಣಿ ಮಾತ್ರ ಮೊದಲಿನವರ ಹೆಸರಿನಲ್ಲೇ ಉಳಿದಿತ್ತು. ಕಾಯ್ದೆಯ ಪ್ರಕಾರ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ನ್ಯಾಯಾಲಯ ಹೇಳಿತು. ಮಗಳ ಶುಲ್ಕಕ್ಕೆಂದು ಗಾಡಿ ಮಾರಿದ ಮನೆಯೊಂದು ಎರಡು ವರ್ಷದ ನಂತರ ಲಕ್ಷಗಟ್ಟಲೆ ಪರಿಹಾರ ಕಟ್ಟಬೇಕಾಗಿ ಬಂದರೆ ಗತಿಯೇನು?

ಇದನ್ನು ತಪ್ಪಿಸುವ ಕ್ರಮ ಕಷ್ಟದ್ದೇನಲ್ಲ. ಮಾರುವವರು ಫಾರಂ 29ರಲ್ಲಿ ಆರ್‌ಟಿಒಗೆ ತಿಳಿಸಬೇಕು. ರಾಜ್ಯದೊಳಗಾದರೆ ಅವಧಿ 14 ದಿನ. ಕೊಳ್ಳುವವರ ಅರ್ಜಿ ಫಾರಂ 30, ಅವಧಿ 30 ದಿನ. ಬ್ಯಾಂಕ್ ಸಾಲ ತೀರಿದ್ದರೆ ಫಾರಂ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ಗಾಡಿ ಬೇರೆ ರಾಜ್ಯಕ್ಕೆ ಹೋಗುವುದಾದರೆ ಫಾರಂ 28ರಲ್ಲಿ ಎನ್‌ಒಸಿ ಬೇಕು. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಳ್ಳುವವರು 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ ಗಾಡಿಯದಲ್ಲ, ಮಾಲೀಕರದು. ಮಾರಿದವರು ಅದನ್ನು ತಮ್ಮ ಮುಂದಿನ ಗಾಡಿಗೆ ಉಳಿಸಿಕೊಳ್ಳಬಹುದು.

ನೋಂದಣಿಯ ಆಯುಷ್ಯವನ್ನೂ ಬೆಲೆಯ ಮಾತಿಗೆ ಮುಂಚೆ ಹೇಳುವುದು ಒಳಿತು. ಖಾಸಗಿ ಗಾಡಿಯ ಮೊದಲ ನೋಂದಣಿ 15 ವರ್ಷಕ್ಕೆ, ನಂತರ ತಪಾಸಣೆ ಮಾಡಿಸಿ 5 ವರ್ಷದಂತೆ ನವೀಕರಣ. 2012ರ ಗಾಡಿಗೆ ಆ ಗಡಿ ಬರುವುದು 2027ರಲ್ಲಿ. ತಪಾಸಣೆಯ ದಿನ ಕಪ್ಪು ಹೊಗೆ, ನೋಂದಾಯಿಸದ ಎಂಜಿನ್ ಎರಡೂ ಹೊಸ ಮಾಲೀಕನ ಕೊರಳಿಗೆ ಸುತ್ತಿಕೊಳ್ಳುತ್ತವೆ. ಡೀಸೆಲ್ ಗಾಡಿಗಳ 10 ವರ್ಷದ ಮಿತಿಯ ಬಗ್ಗೆ ಹಸಿರು ನ್ಯಾಯಮಂಡಳಿ 2015ರಲ್ಲಿ ಕೊಟ್ಟ ಆದೇಶ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಸಂಬಂಧಿಸಿದ್ದು. ಅದನ್ನು ತೋರಿಸಿ ಬೆಲೆ ಇಳಿಸಲು ನೋಡುವ ಬ್ರೋಕರುಗಳಿಗೆ ಮಣಿಯಬೇಕಾಗಿಲ್ಲ.

ಆತುರದಲ್ಲಿ ಮಾರಿದವರೇ ಹೆಚ್ಚು ಕಳೆದುಕೊಳ್ಳುವುದು. ಶುಲ್ಕದ ದಿನಾಂಕ ಹತ್ತಿರ ಬಂದಷ್ಟೂ ಚೌಕಾಸಿಯ ಬಲ ಕುಗ್ಗುತ್ತದೆ. ಮಾರುವ ಯೋಚನೆಯಿದ್ದ ಮನೆಯವರು ಪರೀಕ್ಷೆಯ ತಿಂಗಳಲ್ಲೇ ಫೈಲು ಜೋಡಿಸಿಕೊಂಡು, ಬ್ಯಾಂಕಿನ ಪತ್ರ ತರಿಸಿಕೊಂಡು, ಎಂಜಿನ್ ಕೆಲಸದ ವಿಚಾರದಲ್ಲಿ ಒಂದು ತೀರ್ಮಾನಕ್ಕೆ ಬಂದಿದ್ದರೆ ಒಳ್ಳೆಯದು. ಬಿಲ್ಲು ಜೋಡಿಸುವ ಕೆಲಸವನ್ನು ಮಕ್ಕಳಿಗೇ ಬಿಡಬಹುದು. ಎಂಜಿನ್ನಿಗೆ ಖರ್ಚಾದ ಹಣದಲ್ಲಿ ಎಷ್ಟು ಮರಳುತ್ತದೆ, ಎಷ್ಟು ಮರಳುವುದಿಲ್ಲ ಎಂಬುದು ಅವರ ಕಣ್ಣಿಗೇ ಬೀಳುತ್ತದೆ. ಹಾಗೆಯೇ, ಮುಂಗಡ ಬಂದ ದಿನವಾಗಲಿ, ಪೂರ್ತಿ ಹಣ ಎಣಿಸಿಕೊಂಡ ದಿನವಾಗಲಿ ವ್ಯವಹಾರ ಮುಗಿಯಿತೆಂದು ತಿಳಿಯಬಾರದು. ಆರ್‌ಸಿಯಲ್ಲಿ ಹೆಸರು ಬದಲಾದದ್ದನ್ನು ಕಣ್ಣಾರೆ ಕಂಡ ದಿನವೇ ಅದು ಮುಗಿಯುವುದು.