ನಿಮಗಿದು ಗೊತ್ತೇ? ಸಿಂಹವಿಲ್ಲದ ಸೀಮೆಯ ಸಿಂಹಗಳು

ತೆಲಂಗಾಣ-ಕರ್ನಾಟಕ ಗಡಿಯ ಯಾಲಾಲ್, ತಾಂಡೂರು, ಜಹೀರಾಬಾದ್, ನಾರಾಯಣಖೇಡದ ಸುತ್ತಮುತ್ತ ಕಾಡು ಸಿಂಹ ಅಡ್ಡಾಡಿದ ದಾಖಲೆ ಇಲ್ಲ. ಭಾರತದ ಸಿಂಹದ ನೆಲೆ ನರ್ಮದಾ ನದಿಯ ಆಚೆಗೇ ಮುಗಿಯುತ್ತಿತ್ತು ಎನ್ನುತ್ತಾರೆ ಪ್ರಾಣಿಶಾಸ್ತ್ರಜ್ಞರು. ಪಕ್ಕದ ಚಿಂಚೋಳಿ ಅಭಯಾರಣ್ಯದಲ್ಲಿ ತೋಳ ಉಂಟು, ಕತ್ತೆಕಿರುಬ ಉಂಟು, ಸಿಂಹವಂತೂ ಇಲ್ಲ. ಆದರೂ ಇಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಒಂದಲ್ಲ ಒಂದು ಸಿಂಹ ಎದುರಾಗುತ್ತದೆ. ಕೋಟೆ ಬಾಗಿಲಲ್ಲಿ, ನೀರಿನ ಗುಹೆಯಲ್ಲಿ, ತೋಪಿನ ಬಾಯಲ್ಲಿ, ಸಿನಿಮಾ ಪೋಸ್ಟರಿನಲ್ಲಿ, ಕೊನೆಗೆ ನಿಮ್ಮ ಜೇಬಿನಲ್ಲಿಯೂ!

ಜೇಬಿನಿಂದಲೇ ಶುರು ಮಾಡೋಣ. ಒಂದು ರೂಪಾಯಿ ನಾಣ್ಯ ತೆಗೆದು ನೋಡಿ. ಕಾಣುವುದು ಮೂರು ಸಿಂಹ, ಇರುವುದು ನಾಲ್ಕು. ಬೆನ್ನಿಗೆ ಬೆನ್ನು ಕೊಟ್ಟು ಕೂತಿರುವುದರಿಂದ ನಾಲ್ಕನೆಯದು ಎಂದೂ ಚಿತ್ರಕ್ಕೆ ಸಿಗುವುದಿಲ್ಲ. ಅಶೋಕ ಚಕ್ರವರ್ತಿಯ ಈ ಕಂಬದ ತಲೆ ಸಾರಾನಾಥದ ಉತ್ಖನನದಲ್ಲಿ ಸಿಕ್ಕಿದ್ದು 1904-05ರಲ್ಲಿ. ಎತ್ತರ ಸುಮಾರು ಏಳು ಅಡಿ. ರಾಷ್ಟ್ರಲಾಂಛನವಾದದ್ದು 1950ರ ಜನವರಿ 26ರಂದು. ಗಡಿಯ ಜನರಿಗೆ ಇನ್ನೊಂದು ಸ್ವಾರಸ್ಯ: ತೆಲಂಗಾಣದ ಲಾಂಛನದಲ್ಲಿ ಕಾಕತೀಯರ ತೋರಣ, ಚಾರ್‌ಮಿನಾರ್‌ಗಳ ಮೇಲೆ ಕೂತಿರುವುದೂ ಇವೇ ಸಿಂಹಗಳು. ಕರ್ನಾಟಕದ ಲಾಂಛನದಲ್ಲಿ ಗಂಡಭೇರುಂಡದ ಮೇಲೆ ಕೂತಿರುವುದೂ ಇವೇ. ಸರ್ಕಾರಿ ಕಾಗದ ಹೈದರಾಬಾದಿನಿಂದ ಬಂದರೇನು, ಬೆಂಗಳೂರಿನಿಂದ ಬಂದರೇನು, ಸಿಂಹ ತಪ್ಪಿದ್ದಲ್ಲ.

ಕರ್ನಾಟಕದ ಲಾಂಛನದಲ್ಲಿ ಒಂದು ಹಳೆಯ ಜಗಳವೇ ಅಡಗಿದೆ. ಹಿರಣ್ಯಕಶಿಪುವನ್ನು ಸೀಳಿದ ಮೇಲೂ ನರಸಿಂಹನ ಕೋಪ ಇಳಿಯಲಿಲ್ಲ, ಆಗ ಶಿವ ಶರಭನಾಗಿ ಬಂದು ಅವನನ್ನು ಅಡಗಿಸಿದ ಎನ್ನುತ್ತವೆ ಶೈವ ಪುರಾಣಗಳು. ಇಲ್ಲ, ವಿಷ್ಣು ಗಂಡಭೇರುಂಡನಾಗಿ ಶರಭನನ್ನೇ ಅಡಗಿಸಿದ ಎನ್ನುತ್ತಾರೆ ವೈಷ್ಣವರು. ಲಾಂಛನದ ನಡುವೆ ಇರುವುದು ಗಂಡಭೇರುಂಡ. ಎಡಬಲದಲ್ಲಿ ಅದನ್ನು ಕಾಯುತ್ತ ನಿಂತಿರುವುದು ಸಿಂಹದ ಮೈ, ಆನೆಯ ಮುಖದ ಶರಭ. ಪುರಾಣದಲ್ಲಿ ಕಾದಾಡಿದವರು ವಿಧಾನಸೌಧದ ಕಡತದಲ್ಲಿ ರಾಜಿಯಾಗಿದ್ದಾರೆ.

ಜಹೀರಾಬಾದಿನವರಿಗೆ ಬೀದರ್ ಕೋಟೆ ಕೂಗಳತೆಯ ದೂರ. ಅದರ ಷರ್ಜಾ ದರ್ವಾಜಾದ ಮೇಲೆ ಎದುರುಬದುರಾಗಿ ಕೆತ್ತಿದ ಎರಡು ಪ್ರಾಣಿಗಳಿವೆ. ಬಾಗಿಲು ಕಟ್ಟಿದ್ದು 1503ರಲ್ಲಿ, ಬಹಮನಿ ಸುಲ್ತಾನ ಮಹಮೂದ್ ಶಾಹನ ಕಾಲದಲ್ಲಿ. ಅವು ಹುಲಿಯೋ ಸಿಂಹವೋ ಎಂಬ ವಾದ ಇನ್ನೂ ಮುಗಿದಿಲ್ಲ. ಶಿಯಾ ಪಂಥದವರು ಹಜರತ್ ಅಲಿ ಅವರನ್ನು ‘ದೇವರ ಸಿಂಹ’ ಎಂದು ಕರೆಯುವುದರಿಂದ, ಕೋಟೆ ಬಾಗಿಲಿಗೆ ಸಿಂಹ ಕೆತ್ತಿಸಿದರು ಎಂಬ ವಿವರಣೆ ನನಗೆ ಹೆಚ್ಚು ಸರಿ ಕಾಣುತ್ತದೆ. ಅದೇ ಕೋಟೆಯೊಳಗಿನ ತಖ್ತ್ ಮಹಲಿನ ಕಮಾನಿನ ಮೂಲೆಗಳಲ್ಲಿ ಬೆನ್ನ ಹಿಂದೆ ಸೂರ್ಯ ಉದಯಿಸುವ ಪ್ರಾಣಿಯ ಚಿತ್ರವಿತ್ತು. ಇರಾನಿನ ಬಾವುಟದಲ್ಲಿ 1979ರ ಕ್ರಾಂತಿಯವರೆಗೆ ಇದ್ದದ್ದೂ ಸಿಂಹ ಮತ್ತು ಸೂರ್ಯನ ಜೋಡಿಯೇ. ಪರ್ಷಿಯಾದ ಕುಶಲಕರ್ಮಿಗಳ ಜೊತೆಗೇ ಈ ಜೋಡಿ ಮಂಜ್ರಾ ನದಿಯ ದಂಡೆಗೂ ಬಂತು.

ಬೀದರಿನಲ್ಲೇ ಇನ್ನೊಂದು ಸಿಂಹವಿದೆ, ಅದನ್ನು ನೋಡಬೇಕಾದರೆ ಬಟ್ಟೆ ಒದ್ದೆಯಾಗಲೇಬೇಕು. ಝರಣಿ ನರಸಿಂಹ ಗುಹೆಯಲ್ಲಿ ಸುಮಾರು 300 ಮೀಟರ್ ಉದ್ದದ ಸುರಂಗ, ಸೊಂಟಮಟ್ಟ, ಕೆಲವೊಮ್ಮೆ ಎದೆಮಟ್ಟ ನೀರು. ತಲೆಯ ಮೇಲೆ ಬಾವಲಿಗಳು ಜೋತುಬಿದ್ದಿರುತ್ತವೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಭಕ್ತರು ನಡೆಯುತ್ತಾರೆ. ಕೊನೆಯಲ್ಲಿ ನರಸಿಂಹನ ಜೊತೆಗೆ ಒಂದು ಶಿವಲಿಂಗವೂ ಇದೆ. ಜಲಾಸುರನೆಂಬ ರಾಕ್ಷಸ ಪೂಜಿಸುತ್ತಿದ್ದ ಲಿಂಗವದು, ನರಸಿಂಹ ಅವನನ್ನು ಕೊಂದಾಗ ನೀರಾಗಿ ಹರಿದವನೂ ಅವನೇ ಎಂಬುದು ಸ್ಥಳಪುರಾಣ. ಹರಿ ಹರ ಇಬ್ಬರೂ ಒಂದೇ ನೀರಿನಲ್ಲಿ ನಿಂತಿರುವ ಇಂಥ ಗುಡಿ ಅಪರೂಪ.

ತೆಲಂಗಾಣದ ಯಾದಗಿರಿಗುಟ್ಟದಲ್ಲಿ ನರಸಿಂಹನದು ಐದು ರೂಪ: ಜ್ವಾಲಾ, ಗಂಡಭೇರುಂಡ, ಯೋಗಾನಂದ, ಉಗ್ರ, ಲಕ್ಷ್ಮೀ ನರಸಿಂಹ. ಕಪ್ಪು ಶಿಲೆಯಲ್ಲಿ ಹೊಸದಾಗಿ ಕಟ್ಟಿದ ಗುಡಿ 2022ರ ಮಾರ್ಚ್ 28ರಂದು ಭಕ್ತರಿಗೆ ತೆರೆಯಿತು. ಹಂಪಿಯ ನರಸಿಂಹ 1528ರವನು, ಕೃಷ್ಣದೇವರಾಯ ಮಾಡಿಸಿದ್ದು, ಒಂದೇ ಬಂಡೆ, 6.7 ಮೀಟರ್ ಎತ್ತರ. ಈಗ ಒಬ್ಬನೇ ಕೂತಂತೆ ಕಂಡರೂ ಮೊದಲು ತೊಡೆಯ ಮೇಲೆ ಲಕ್ಷ್ಮಿ ಇದ್ದಳು. ಅವಳ ಕೈ ಇವತ್ತಿಗೂ ಅವನ ಬೆನ್ನ ಮೇಲೆ ಉಳಿದಿದೆ. ಎದುರಿನಿಂದ ಫೋಟೊ ತೆಗೆದು ಹೊರಡುವವರಿಗೆ ಅದು ಕಾಣುವುದಿಲ್ಲ, ಸುತ್ತು ಹಾಕಬೇಕು.

ಇನ್ನು ತೋಪಿನ ಮಾತು. ವಿಜಯಪುರದ ಮಲಿಕ್-ಎ-ಮೈದಾನ್ ನೋಡಿದ್ದೀರಾ? ತೂಕ ಸುಮಾರು 55 ಟನ್, ಉದ್ದ ನಾಲ್ಕೂವರೆ ಮೀಟರಿನಷ್ಟು. ಎರಕ ಹೊಯ್ದದ್ದು 1549ರಲ್ಲಿ ಅಹ್ಮದ್‌ನಗರದಲ್ಲಿ, ಮಹಮ್ಮದ್ ಬಿನ್ ಹಸನ್ ರೂಮಿ ಎಂಬ ಕುಶಲಿಯ ಕೈಯಲ್ಲಿ. ವಿಜಯಪುರಕ್ಕೆ ಬಂದದ್ದು 1632ರಲ್ಲಿ, ಪರಂಡಾ ಕೋಟೆಯಿಂದ, ಗೆಲುವಿನ ಗುರುತಾಗಿ. ಅದನ್ನಿಟ್ಟ ಬುರುಜಿನ ಹೆಸರು ಷೇರ್ಜಾ ಬುರುಜು. ತೋಪಿನ ಬಾಯಿಯೇ ಸಿಂಹದ ಬಾಯಿ. ಸ್ವಲ್ಪ ಹತ್ತಿರ ಹೋಗಿ ದವಡೆಯ ಪಕ್ಕಕ್ಕೆ ಬಗ್ಗಿ ನೋಡಿ. ಹಲ್ಲುಗಳ ನಡುವೆ ಒಂದು ಪುಟ್ಟ ಆನೆ ಸಿಕ್ಕಿಕೊಂಡಿದೆ, ಜಗಿಯುತ್ತಿರುವಂತೆಯೇ ಎರಕ ಹೊಯ್ದಿದ್ದಾರೆ. ಗುಂಡು ಹಾರಿಸುವವರು ಸದ್ದಿಗೆ ಕಿವಿ ಹೋಗದಿರಲಿ ಎಂದು ಪಕ್ಕದ ತೊಟ್ಟಿಯ ನೀರಿನಲ್ಲಿ ಮುಳುಗುತ್ತಿದ್ದರು ಎಂದು ಹೇಳಿಕೆ. ಇಷ್ಟೆಲ್ಲ ದರ್ಬಾರು ನಡೆಸಿದ ಈ ತೋಪನ್ನು 1854ರಲ್ಲಿ ಬ್ರಿಟಿಷರು ಹರಾಜಿಗೆ ಹಾಕಿದಾಗ ಕೂಗಿದ ಬೆಲೆ 150 ರೂಪಾಯಿ! ಪುಣ್ಯಕ್ಕೆ ಆ ಹರಾಜು ರದ್ದಾಯಿತು. ಹಳೆಯ ಸಾಮಾನು ಎಂದು ಕರಗಿಸಿದ್ದರೆ ಇವತ್ತು ಇದನ್ನು ಬರೆಯುವಂತೆಯೇ ಇರಲಿಲ್ಲ.

ತಾಂಡೂರಿನಿಂದ ವಾಡಿ ಕಡೆಗೆ ರೈಲು ಹತ್ತಿದರೆ ಸೇಡಂ ದಾಟಿದ ಮೇಲೆ ಮಳಖೇಡ ರೋಡ್ ಎಂಬ ಸಣ್ಣ ಸ್ಟೇಷನ್ ಬರುತ್ತದೆ. ಕಾಗಿಣಾ ದಂಡೆಯ ಈ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಇದೇ ವಂಶದ ಒಂದನೆಯ ಕೃಷ್ಣನ ಕಾಲದಲ್ಲಿ, ಮಾನ್ಯಖೇಟ ರಾಜಧಾನಿಯಾಗುವ ಮೊದಲೇ, ಎಲ್ಲೋರದ ಕೈಲಾಸ ದೇಗುಲವನ್ನು ಗುಡ್ಡ ಕಡಿದು ಮಾಡಿದರು. ಅದರ ಅಡಿಪಾಯವನ್ನು ಹೊತ್ತು ನಿಂತಿರುವುದು ಆನೆ, ಸಿಂಹಗಳ ಸಾಲು. ಮಂಟಪದ ಚಾವಣಿಯ ಮೇಲೆ ಕಮಲ, ಅದರ ಸುತ್ತ ನಾಲ್ಕು ಸಿಂಹಗಳು. ಮೇಲಿನ ಗುಡ್ಡದಿಂದ ನೋಡಿದವರಿಗೆ ಅವು ಚೆನ್ನಾಗಿ ಕಾಣುತ್ತವೆ. ಅಂದಹಾಗೆ, ರಾಷ್ಟ್ರಕೂಟರ ಸ್ವಂತ ಲಾಂಛನ ಗರುಡ. ಬಾದಾಮಿ ಚಾಲುಕ್ಯರದು ವರಾಹ. ಸಿಂಹವನ್ನು ಲಾಂಛನ ಮಾಡಿಕೊಂಡವರು ಕದಂಬರು, ಗೋವೆಯ ಸರ್ಕಾರಿ ಬಸ್ಸಿನ ಮೇಲೆ ಇಂದಿಗೂ ಓಡಾಡುತ್ತಿರುವುದು ಆ ಕದಂಬ ಸಿಂಹವೇ.

ಕನ್ನಡದ ಅತಿ ಹಳೆಯ ಶಾಸನ ಯಾವುದು? ಶಾಲೆಯಲ್ಲಿ ಹಲ್ಮಿಡಿ ಎಂದು ಕಲಿತಿದ್ದೇವೆ, ಕಾಲ ಸುಮಾರು 450. ಆದರೆ ಶಿವಮೊಗ್ಗ ಜಿಲ್ಲೆಯ ತಾಳಗುಂದದ ಪ್ರಣವೇಶ್ವರ ಗುಡಿಯ ಬಳಿ 2013ರಲ್ಲಿ ಅಗೆದಾಗ ಮೆಟ್ಟಿಲಿನ ಕೈಪಿಡಿ ಕಲ್ಲೊಂದು ಸಿಕ್ಕಿತು. ಅದರಲ್ಲಿ ಸಿಂಹದ ಮುಖ, ಜೊತೆಗೆ ಸಂಸ್ಕೃತ-ಕನ್ನಡ ಬರಹ. ಅದು ಸುಮಾರು 370ರದು ಎಂದು ಪುರಾತತ್ವ ಸರ್ವೇಕ್ಷಣ ಇಲಾಖೆ ಗುರುತಿಸಿದೆ. ಅಂದರೆ ಕನ್ನಡದ ಅಕ್ಷರ ಕಣ್ಣು ಬಿಟ್ಟಾಗ ಪಕ್ಕದಲ್ಲಿ ಸಿಂಹವಿತ್ತು.

ಹೊಯ್ಸಳ ಲಾಂಛನದಲ್ಲಿ ಸಳ ಕೊಲ್ಲುತ್ತಿರುವುದು ಕಥೆಯ ಪ್ರಕಾರ ಹುಲಿ. ಬೇಲೂರಿನಲ್ಲಿ ಹೋಗಿ ನೋಡಿದರೆ ಕುತ್ತಿಗೆಯ ತುಂಬ ಜಿಲೇಬಿ ಸಾಲಿನಂಥ ಕೇಸರ! ಹುಲಿಗೆ ಕೇಸರ ಎಲ್ಲಿಂದ ಬಂತು? ಆ ಶಿಲ್ಪಿಗಳು ಹುಲಿಯನ್ನು ಕಂಡಿರಬೇಕು, ಸಿಂಹವನ್ನು ಕಂಡಿರಲಾರರು. ಆದರೂ ಕಾಣದ್ದನ್ನೇ ಕೆತ್ತಿದರು. ಶಿಲ್ಪಶಾಸ್ತ್ರ ಓದಿ ಕಲಿತ ಕೈಗೆ ಕಣ್ಣ ಮುಂದಿನ ಪ್ರಾಣಿಗಿಂತ ಪಾಠದ ಪ್ರಾಣಿಯೇ ದೊಡ್ಡದು ಎಂದು ನನ್ನ ಅನಿಸಿಕೆ.

ಶ್ರೀರಂಗಪಟ್ಟಣದಲ್ಲಿ ಇದು ತಿರುಗುಮುರುಗು. ಹೈದರ್ ಎಂದರೆ ಸಿಂಹ, ಮಗ ಟಿಪ್ಪು ಹಿಡಿದದ್ದು ಹುಲಿಯನ್ನು.

ಕಲ್ಯಾಣ ಚಾಲುಕ್ಯರ ಅರಸ ಜಯಸಿಂಹ. ಅವನ ಆಸ್ಥಾನದಲ್ಲಿ ಅಧಿಕಾರಿಯಾಗಿದ್ದ ಕವಿ ದುರ್ಗಸಿಂಹ. ಆ ಕವಿ ಬರೆದ ‘ಪಂಚತಂತ್ರ’ದ ಮೊದಲ ಕಥೆಯ ರಾಜನೂ ಸಿಂಹ, ಹೆಸರು ಪಿಂಗಳಕ. ಎತ್ತಿನ ಗುಟುರು ಕೇಳಿ ನೀರು ಕುಡಿಯದೆ ಹಿಂದಿರುಗಿದ ಪುಕ್ಕಲ ಸಿಂಹವದು! ಕಾಲ ಸುಮಾರು 1031. ನಾವು ಸಾಮಾನ್ಯವಾಗಿ ಕೇಳಿರುವುದು ವಿಷ್ಣುಶರ್ಮನ ಪಂಚತಂತ್ರ, ದುರ್ಗಸಿಂಹ ಆಧಾರವಾಗಿ ಹಿಡಿದದ್ದು ವಸುಭಾಗಭಟ್ಟನದನ್ನು. ಸಿಂಹ ಎಂಬ ಹೆಸರಿನ ರಾಜನ ಕೈಕೆಳಗೆ ಕೂತು ಹೆದರುಪುಕ್ಕಲ ಸಿಂಹದ ಕಥೆ ಬರೆದವನ ಧೈರ್ಯ ಮೆಚ್ಚಬೇಕು.

ಅದೇ ಕಲ್ಯಾಣದಲ್ಲಿ ನಂತರ ಇನ್ನೊಂದು ಸಿಂಹಾಸನ ಬಂತು. ಅನುಭವ ಮಂಟಪದ ಶೂನ್ಯಸಿಂಹಾಸನ. ಅದನ್ನು ಮೊದಲು ಏರಿದವರು ಅಲ್ಲಮಪ್ರಭುಗಳು, ಆಮೇಲೆ ಚೆನ್ನಬಸವಣ್ಣ, ಸಿದ್ಧರಾಮ ಎನ್ನುತ್ತದೆ ಶರಣ ಪರಂಪರೆ. ವೀರಶೈವರ ಪಂಚಪೀಠಗಳಿಗೂ ಒಂದೊಂದು ಸಿಂಹಾಸನದ ಹೆಸರುಂಟು: ರಂಭಾಪುರಿಯದು ವೀರ, ಉಜ್ಜಯಿನಿಯದು ಸದ್ಧರ್ಮ, ಕೇದಾರದ್ದು ವೈರಾಗ್ಯ, ಶ್ರೀಶೈಲದ್ದು ಸೂರ್ಯ, ಕಾಶಿಯದು ಜ್ಞಾನ.

ಮೈಸೂರು ಅರಮನೆಯ ರತ್ನಖಚಿತ ಸಿಂಹಾಸನಕ್ಕೆ ವರ್ಷವಿಡೀ ಸಿಂಹ ಇರುವುದಿಲ್ಲ! ನವರಾತ್ರಿಯ ಮೊದಲ ದಿನ ಮುಹೂರ್ತ ನೋಡಿ ಸಿಂಹದ ಮುಖವನ್ನು ತಂದು ಜೋಡಿಸುತ್ತಾರೆ, ಅದಕ್ಕೆ ‘ಸಿಂಹ ಜೋಡಣೆ’ ಎಂದೇ ಹೆಸರು. ಅದಾದ ಮೇಲೆಯೇ ಖಾಸಗಿ ದರ್ಬಾರು. ಹಬ್ಬ ಮುಗಿಯುವಾಗ ‘ಸಿಂಹ ವಿಸರ್ಜನೆ’.

ಸಿನಿಮಾಕ್ಕೆ ಬರೋಣ, ಈ ಸೀಮೆಯವರು ಎರಡು ಭಾಷೆಯ ಸಿನಿಮಾ ನೋಡುವ ಅದೃಷ್ಟವಂತರು. ವಿಷ್ಣುವರ್ಧನ್ ‘ಸಾಹಸಸಿಂಹ’ರಾದದ್ದು 1982ರಲ್ಲಿ ಬಂದ ಅದೇ ಹೆಸರಿನ ಚಿತ್ರದಿಂದ. ಅರ್ಜುನ್ ಸರ್ಜಾ ಮೊದಲು ಕಾಣಿಸಿಕೊಂಡದ್ದು ‘ಸಿಂಹದ ಮರಿ ಸೈನ್ಯ’ದಲ್ಲಿ, 1981. ‘ಭಕ್ತ ಪ್ರಹ್ಲಾದ’ದಲ್ಲಿ (1983) ಹಿರಣ್ಯಕಶಿಪುವಾಗಿ ರಾಜಕುಮಾರ್, ಪ್ರಹ್ಲಾದನಾಗಿ ಮಗ ಪುನೀತ್. ತೆರೆಯ ಮೇಲೆ ಕೊಲ್ಲಲು ಹೊರಟ ಅಪ್ಪ, ಮನೆಯಲ್ಲಿ ಮುದ್ದಿನ ಅಪ್ಪ. 2025ರಲ್ಲಿ ಅದೇ ಕಥೆ ‘ಮಹಾವತಾರ್ ನರಸಿಂಹ’ ಎಂಬ ಅನಿಮೇಷನ್ ಚಿತ್ರವಾಗಿ ಬಂದು ಗೆದ್ದಿತು, ಅರ್ಪಿಸಿದ್ದು ಕನ್ನಡದ ಹೊಂಬಾಳೆ ಸಂಸ್ಥೆ. ತೆಲುಗಿನಲ್ಲಂತೂ ನಂದಮೂರಿ ಬಾಲಕೃಷ್ಣ ಅವರದು ಸಿಂಹದ ಕಾರ್ಖಾನೆ: ಸಮರಸಿಂಹಾರೆಡ್ಡಿ (1999), ನರಸಿಂಹನಾಯ್ಡು (2001), ಲಕ್ಷ್ಮೀನರಸಿಂಹ (2004), ಸಿಂಹ (2010), ಜೈ ಸಿಂಹ (2018), ವೀರಸಿಂಹಾರೆಡ್ಡಿ (2023). ಇಷ್ಟಾದರೂ ಅವರಿಗೆ ಸಾಕೆನಿಸಿದಂತೆ ಕಾಣುವುದಿಲ್ಲ.

ಟಾಮ್ ಅಂಡ್ ಜೆರ್ರಿ ಶುರುವಾಗುವ ಮೊದಲು ಗರ್ಜಿಸುವ ಎಂಜಿಎಂ ಸಿಂಹ ಗೊತ್ತಲ್ಲ? 1924ರ ಮೊದಲ ಸಿಂಹ ಸ್ಲಾಟ್ಸ್ ಮೂಕಿ ಚಿತ್ರಗಳ ಕಾಲದ್ದು, ಅದರ ದನಿಯನ್ನು ಪ್ರೇಕ್ಷಕರು ಕೇಳಲೇ ಇಲ್ಲ. 1980ರ ದಶಕದಲ್ಲಿ ಗರ್ಜನೆಯನ್ನು ಹೊಸದಾಗಿ ಧ್ವನಿಮುದ್ರಿಸಿದಾಗ ಅದಕ್ಕೆ ಬಳಸಿದ್ದು ಹುಲಿಯ ಗರ್ಜನೆಯನ್ನು! ಸಿಂಹದ ದನಿಯಲ್ಲಿ ಬೇಕಾದಷ್ಟು ಆರ್ಭಟ ಸಿಗಲಿಲ್ಲವಂತೆ. ಬೇಲೂರಿನವರು ಹುಲಿಗೆ ಕೇಸರ ಕೊಟ್ಟರು, ಹಾಲಿವುಡ್ಡಿನವರು ಸಿಂಹಕ್ಕೆ ಹುಲಿಯ ಗಂಟಲು ಕೊಟ್ಟರು.

ಸಿಂಹವಿಲ್ಲದ ನಾಡಿನ ಸಿಂಹಮೋಹ ನಮ್ಮದೊಂದೇ ಅಲ್ಲ. ಸಿಂಗಪುರದಲ್ಲಿ ಕಾಡು ಸಿಂಹ ಇರಲಿಲ್ಲ, ಊರಿನ ಹೆಸರೇ ಸಿಂಹಪುರ. ಮೀನಿನ ಮೈ, ಸಿಂಹದ ತಲೆಯ ಮರ್ಲಯನ್ ಪ್ರತಿಮೆ ಅಲ್ಲಿ ನಿಂತದ್ದು 1972ರಲ್ಲಿ, ಎತ್ತರ 8.6 ಮೀಟರ್. ಚೀನಾದಲ್ಲೂ ಕಾಡು ಸಿಂಹವಿಲ್ಲ, ಸಿಂಹನೃತ್ಯವಿಲ್ಲದ ಹೊಸ ವರ್ಷವಿಲ್ಲ.

ಭಯಂಕರ ಸಿಂಹಗಳ ಕಥೆ ಬೇಕೆಂದರೆ 1898ರ ಸಾವೊ. ಇಂದಿನ ಕೆನ್ಯಾದಲ್ಲಿ ಉಗಾಂಡ ರೈಲು ಮಾರ್ಗಕ್ಕೆ ಸೇತುವೆ ಕಟ್ಟುತ್ತಿದ್ದಾಗ ಕೇಸರವಿಲ್ಲದ ಎರಡು ಗಂಡು ಸಿಂಹಗಳು ತಿಂಗಳುಗಟ್ಟಲೆ ಕೂಲಿಗಳನ್ನು ಡೇರೆಯಿಂದ ಎಳೆದೊಯ್ದವು. ಬಲಿಯಾದವರಲ್ಲಿ ಭಾರತದಿಂದ ಹೋದವರು ಬಹಳ. ಅವುಗಳನ್ನು ಕೊಂದ ಪ್ಯಾಟರ್ಸನ್ ಹೇಳಿದ ಲೆಕ್ಕ 135. ಶಿಕಾಗೊ ಮ್ಯೂಸಿಯಮ್ಮಿನಲ್ಲಿರುವ ಅವುಗಳ ಮೂಳೆ, ಕೂದಲನ್ನು ಪರೀಕ್ಷಿಸಿ 2009ರಲ್ಲಿ ವಿಜ್ಞಾನಿಗಳು ಹಾಕಿದ ಲೆಕ್ಕ ಸುಮಾರು 35. ಬೇಟೆಗಾರನ ಬಾಯಲ್ಲಿ ಸಂಖ್ಯೆ ಬೆಳೆಯುವುದು ಹೊಸತೇನಲ್ಲ.

ಹುಲಿಗಿಂತ ಮೊದಲು ನಮ್ಮ ರಾಷ್ಟ್ರಪ್ರಾಣಿ ಸಿಂಹವೇ ಆಗಿತ್ತು. ಪಟ್ಟ ಕಳೆದುಕೊಂಡದ್ದು 1970ರ ದಶಕದ ಆರಂಭದಲ್ಲಿ. ಆಫ್ರಿಕಾ ಬಿಟ್ಟರೆ ಕಾಡು ಸಿಂಹ ಉಳಿದಿರುವುದು ಗುಜರಾತಿನಲ್ಲಿ ಮಾತ್ರ. 2020ರಲ್ಲಿ 674 ಇದ್ದವು, 2025ರ ಎಣಿಕೆಯಲ್ಲಿ 891.

ಇಷ್ಟರ ಮೇಲೂ ತಾಂಡೂರಿನ ಸಂತೆಯಲ್ಲಿ ನಿಂತು ‘ಏ ನರ್ಸಿಂಲು!’ ಎಂದು ಒಮ್ಮೆ ಕೂಗಿ ನೋಡಿ. ತಿರುಗಿ ನೋಡುವವರು ಒಬ್ಬರಿಗಿಂತ ಹೆಚ್ಚೇ ಇರುತ್ತಾರೆ. ತೆಲಂಗಾಣದಿಂದ ಹೋಗಿ ಪ್ರಧಾನಿಯಾದವರೂ ನರಸಿಂಹರಾವ್ ಅವರೇ.

ನಿಮ್ಮೂರ ಗುಡಿಯ ಹೊಸ್ತಿಲಲ್ಲಿ, ಗಡಿಯ (ಹಳೆಯ ವಾಡೆಯ) ಬಾಗಿಲಲ್ಲಿ, ಹಾಳುಬಿದ್ದ ಬುರುಜಿನಲ್ಲಿ ಸಿಂಹದ ಕೆತ್ತನೆ ಇದ್ದರೆ ಸುಣ್ಣ, ಆಯಿಲ್ ಪೇಂಟ್ ಬಳಿಯುವ ಮೊದಲು ಒಂದು ಫೋಟೊ ತೆಗೆದು, ಊರಿನ ಹೆಸರು ಬರೆದು ನಮಗೆ ಕಳಿಸಿ.