ಮನ್ನಣೆಗೆ ಮೊದಲೇ ಬಂದ ಗೆಲವು

1971ರ ಸೆಪ್ಟೆಂಬರ್ 5ರಂದು ಮೆಕ್ಸಿಕೋ ನಗರದ ಅಜ್ಟೆಕಾ ಕ್ರೀಡಾಂಗಣದಲ್ಲಿ, ಲಕ್ಷಕ್ಕೂ ಮೀರಿ ನೆರೆದ ಪ್ರೇಕ್ಷಕರು ತಮ್ಮ ನಾಡಿನ ತಂಡಕ್ಕೆ ಜಯಘೋಷ ಮಾಡುತ್ತಿರುವಾಗ, ಡೆನ್ಮಾರ್ಕಿನ ಹದಿನೈದು ವರ್ಷದ ಬಾಲೆ ಸುಸಾನ್ನೆ ಆಗಸ್ಟೆಸನ್ ತಾನೊಬ್ಬಳೇ ಮೂರು ಗೋಲು ಹೊಡೆದು ಆ ಘೋಷವನ್ನೆಲ್ಲ ಅಡಗಿಸಿದಳು. ಮಹಿಳೆಯರ ವಿಶ್ವಕಪ್ ಎನಿಸಿಕೊಂಡ ಆ ಪಂದ್ಯಾವಳಿಯ ವ್ಯವಸ್ಥಾಪಕರು ಗೋಲುಗಂಬಗಳಿಗೆ ಗುಲಾಬಿ ಬಣ್ಣದ ಪಟ್ಟೆ ಬಳಿಸಿದ್ದರೆಂಬುದನ್ನು ನೋಡಿದರೆ, ಸ್ತ್ರೀಯರ ಆಟವನ್ನು ಅವರು ಎಷ್ಟು ಆಟವೆಂದೂ ಎಷ್ಟು ವಿನೋದವೆಂದೂ ಬಗೆದಿದ್ದರೋ ಊಹಿಸಬಹುದು. ಆಡಿದವರಿಗಾದರೋ ಅದು ಅಪ್ಪಟ ಫುಟ್‌ಬಾಲೇ ಆಗಿದ್ದಿತು.

ಸೋಜಿಗವೆಂದರೆ, ಈ ವಿಶ್ವವಿಜೇತೆಯರನ್ನು ಅವರ ದೇಶದ ಫುಟ್‌ಬಾಲ್ ಸಂಘವೇ ಆಗ ತನ್ನವರೆಂದು ಒಪ್ಪಿರಲಿಲ್ಲ. ಹಿಂದಿನ ವರ್ಷ ಇಟಲಿಯ ಟ್ಯೂರಿನ್ನಿನಲ್ಲಿ ಆತಿಥೇಯರನ್ನೇ 2-0ರಿಂದ ಮಣಿಸಿ ಇಂತಹುದೇ ಕಪ್ಪನ್ನು ಡೆನ್ಮಾರ್ಕಿಗೆ ತಂದುದು, ಒಂದು ಮಹಿಳಾ ಪತ್ರಿಕೆಯ ಹೆಸರನ್ನು ಹೊತ್ತು 1959ರಲ್ಲಿ ಹುಟ್ಟಿದ ಬಿ.ಕೆ. ಫೆಮಿನಾ ಎಂಬ ಕ್ಲಬ್ಬು. ಸಂಘದ ಬಾಗಿಲು ತೆರೆದುದು 1972ರಲ್ಲಿ, ಅದೂ ಯೂರೋಪಿನ ಫುಟ್‌ಬಾಲ್ ಒಕ್ಕೂಟವು ಸದಸ್ಯ ರಾಷ್ಟ್ರಗಳಿಗೆ ಹಾಗೆ ಸೂಚಿಸಿದ ತರುವಾಯ. ಮೊದಲ ಅಧಿಕೃತ ಅಂತಾರಾಷ್ಟ್ರೀಯ ಪಂದ್ಯ ನಡೆದುದು 1974ರಲ್ಲಿ. ಹೀಗಾಗಿ ಎರಡು ವಿಶ್ವವಿಜಯಗಳೂ ಇಂದಿಗೂ ‘ಅನಧಿಕೃತ’ವೆಂಬ ವಿಶೇಷಣದೊಡನೆಯೇ ಉಲ್ಲೇಖಗೊಳ್ಳುತ್ತವೆ. ಆಗಸ್ಟೆಸನ್ನಳಂತೂ ಇಟಲಿಯ ಲೀಗನ್ನು ಸೇರಿ, ವರ್ಷಗಟ್ಟಲೆ ಅಲ್ಲಿಯೇ ಗೋಲುಗಳ ಮಳೆಗರೆದಳು.

ಅನಂತರದ ದಶಕಗಳಲ್ಲಿ ಹ್ಯೋರಿಂಗ್ ಪಟ್ಟಣದ ಫೋರ್ಟುನಾ, ರಾಜಧಾನಿಯ ಬಳಿಯ ಬ್ರೋಂಡ್‌ಬಿ ಮೊದಲಾದ ಕ್ಲಬ್ಬುಗಳು ಆಟವನ್ನು ಪೋಷಿಸಿದುವು. ಫೋರ್ಟುನಾ 2003ರಲ್ಲಿ ಯೂರೋಪಿನ ಕ್ಲಬ್ ಪಂದ್ಯಾವಳಿಯ ಫೈನಲ್ಲನ್ನೂ ಮುಟ್ಟಿತು. 2017ರಲ್ಲಿ ರಾಷ್ಟ್ರೀಯ ತಂಡವು ಜರ್ಮನಿಯಂತಹ ಬಲಿಷ್ಠರನ್ನು ಕ್ವಾರ್ಟರ್ ಫೈನಲ್ಲಿನಲ್ಲಿ ಸೋಲಿಸಿ, ಅಫ್ಘಾನಿಸ್ತಾನದಿಂದ ನಿರಾಶ್ರಿತೆಯಾಗಿ ಬಂದು ಮುಂದೆ ವೈದ್ಯೆಯೂ ಆದ ನಾದಿಯಾ ನಾದಿಮ್ ಮತ್ತು ನಾಯಕಿ ಪೆರ್ನಿಲ್ಲೆ ಹಾರ್ಡರ್ ಅವರ ಬಲದಿಂದ ಯೂರೋ ಫೈನಲ್ಲಿಗೇರಿ, ಅಲ್ಲಿ ನೆದರ್ಲೆಂಡ್ಸಿಗೆ 2-4ರಿಂದ ಸೋತಿತು.

ಆ ಕೀರ್ತಿ ಹಸಿಯಾಗಿರುವಾಗಲೇ ಆಟಗಾರ್ತಿಯರಿಗೂ ಸಂಘಕ್ಕೂ ನಡುವೆ ವೇತನ, ಕರಾರುಗಳ ವ್ಯಾಜ್ಯ ತಲೆದೋರಿತು. ರಾಷ್ಟ್ರಕ್ಕಾಗಿ ಆಡುವವರು ಸಂಘದ ನೌಕರರೋ ಅಲ್ಲವೋ ಎಂಬ ಪ್ರಶ್ನೆ ಕೇಳುವುದಕ್ಕೆ ಶುಷ್ಕವಾದರೂ, ವಿಮೆ, ಹೊಣೆಗಾರಿಕೆಗಳೆಲ್ಲ ಅದರ ಬೆನ್ನಿಗೇ ಬರುವುದರಿಂದ ಯಾರೂ ಸುಲಭವಾಗಿ ಮಣಿಯಲಿಲ್ಲ. ಅಕ್ಟೋಬರಿನಲ್ಲಿ ಸ್ವೀಡನ್ನಿನೆದುರಿನ ವಿಶ್ವಕಪ್ ಅರ್ಹತಾ ಪಂದ್ಯವೇ ರದ್ದಾಗಿ, ಚೆಂಡು ಉರುಳದೆಯೇ ಡೆನ್ಮಾರ್ಕಿನ ಸೋಲು ದಾಖಲಾಯಿತು. 2019ರ ವಿಶ್ವಕಪ್ ಕೈತಪ್ಪಿತು. ಬೆಲೆ ದುಬಾರಿಯಾಯಿತು ನಿಜ. ಆದರೂ ಆಟಗಾರ್ತಿಯರ ಆ ಹಠವನ್ನು ದುಡುಕೆನ್ನಲು ನನಗೆ ಮನಸ್ಸು ಬಾರದು. ಅವರ ಆಟದ ಬೆಲೆಯನ್ನು ಮುಂದೆ ಜಗತ್ತೂ ಒಪ್ಪಿತು: 2020ರಲ್ಲಿ ಚೆಲ್ಸಿ ಕ್ಲಬ್ಬು ಹಾರ್ಡರ್ ಅವರಿಗಾಗಿ ತೆತ್ತ ಮೊತ್ತ, ಅಂದಿಗೆ ಮಹಿಳಾ ಫುಟ್‌ಬಾಲಿನಲ್ಲಿಯೇ ವಿಶ್ವದಾಖಲೆಯಾಗಿದ್ದಿತು. 2007ರ ಬಳಿಕ ದೂರ ಉಳಿದಿದ್ದ ವಿಶ್ವಕಪ್ಪಿಗೆ ತಂಡವು 2023ರಲ್ಲಿ ಆಕೆಯ ನಾಯಕತ್ವದಲ್ಲಿಯೇ ಮರಳಿತು.