ಬಾವಿಯ ನೀರು ಯಾವ ಬೆಳೆಗೆ?

ಅರ್ಥಶಾಸ್ತ್ರವೆಂದೊಡನೆ ಅದು ಪಟ್ಟಣದವರ ವಿದ್ಯೆಯೆಂದು ನಮ್ಮ ರೈತ ಬಾಂಧವರು ಭಾವಿಸುವುದುಂಟು. ಆದರೆ ಆ ಶಾಸ್ತ್ರದ ಬುಡದಲ್ಲಿರುವ ಪ್ರಶ್ನೆ ಬಹಳ ಸರಳವಾದುದು. ಕೈಯಲ್ಲಿರುವುದು ಕಡಿಮೆ, ಅದನ್ನು ಬಳಸುವ ದಾರಿಗಳು ಹಲವು; ಯಾವ ದಾರಿಯನ್ನು ಹಿಡಿಯಬೇಕು? ಲಂಡನ್ನಿನ ಪ್ರಾಧ್ಯಾಪಕ ಲಯೊನೆಲ್ ರಾಬಿನ್ಸ್ ಅವರು 1932ರ ತಮ್ಮ ಗ್ರಂಥದಲ್ಲಿ ಅರ್ಥಶಾಸ್ತ್ರವನ್ನು ಹೆಚ್ಚುಕಡಿಮೆ ಹೀಗೆಯೇ ವಿವರಿಸಿದರು. ಪಾಲಕೋಡಿನ ಬೇಸಾಯಗಾರನಿಗೆ ಇದು ಪ್ರತಿ ಬಿತ್ತನೆಯಲ್ಲೂ ಎದುರಾಗುವ ಪ್ರಶ್ನೆ.

ಪಾಲಕೋಡಿನ ಸುತ್ತ ಕಬ್ಬು, ರಾಗಿ, ಟೊಮೇಟೊ ಮೂರನ್ನೂ ಬೆಳೆಯುತ್ತಾರೆ. ಕಬ್ಬಿಗೆ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ, ಟೊಮೇಟೊಗೆ ದೊಡ್ಡ ಮಂಡಿಯಿದೆ. ಪಂಚಪಳ್ಳಿಯ ಚಿನ್ನಾರು ಅಣೆಕಟ್ಟಿನ ನೀರು ಎಲ್ಲರ ಹೊಲಕ್ಕೂ ಬಾರದು. ಉಳಿದವರಿಗೆ ಬಾವಿ, ಕೊಳವೆಬಾವಿಗಳೇ ಗತಿ. ಇಂಥವರಲ್ಲಿ ಅನೇಕರಿಗೆ ನೆಲಕ್ಕಿಂತ ನೀರಿಗೇ ಬರ. ಹೀಗಿದ್ದೂ ಲೆಕ್ಕ ಹಾಕುವಾಗ “ಎಕರೆಗೆ ಎಷ್ಟು ಬಂತು?” ಎಂದೇ ಕೇಳುತ್ತೇವೆ. ಯಾವುದರ ಕೊರತೆಯಿದೆಯೋ ಅದರಿಂದಲೇ ಅಳೆಯಬೇಕು. “ಇಷ್ಟು ನೀರಿಗೆ ಎಷ್ಟು ಬಂತು?” ಎಂದು ಕೇಳತಕ್ಕದ್ದು.

ಒಂದು ಎಕರೆಯ ಮೇಲೆ ಒಂದು ಅಂಗುಲ ನೀರು ನಿಂತರೆ ಅದು ಸುಮಾರು 1 ಲಕ್ಷ ಲೀಟರು. ಮಳೆಯೂ ಸೇರಿ ಕಬ್ಬಿಗೆ ಬೇಕಾಗುವುದು 60ರಿಂದ 100 ಅಂಗುಲ. ಟೊಮೇಟೊಗೆ 16ರಿಂದ 32. ರಾಗಿಗೆ 14ರಿಂದ 20. ಎಂದರೆ ಒಂದು ಎಕರೆ ಕಬ್ಬಿನ ನೀರು ಮೂರು ನಾಲ್ಕು ಎಕರೆ ರಾಗಿಗೆ ಸಾಕು. ಕಬ್ಬನ್ನು ನೆಟ್ಟವನು ಬಿತ್ತನೆ, ಗೊಬ್ಬರ, ಕೂಲಿಗಳ ಜೊತೆಗೆ ಬೆಳೆಯದೆ ಬಿಟ್ಟ ಆ ರಾಗಿಯನ್ನೂ ಖರ್ಚಿಗೆ ಬರೆಯಬೇಕು. ಇದನ್ನೇ ಶಾಸ್ತ್ರಜ್ಞರು ಅವಕಾಶ ವೆಚ್ಚವೆನ್ನುತ್ತಾರೆ. ತಮಿಳುನಾಡಿನಲ್ಲಿ ರೈತರ ಪಂಪುಸೆಟ್ಟಿಗೆ ವಿದ್ಯುತ್ತು ಉಚಿತವಾದುದರಿಂದ ನೀರೂ ಪುಕ್ಕಟೆಯೆಂದು ತೋರುತ್ತದೆ. ಆದರೆ ಒಂದು ಬೆಳೆಗೆ ಹರಿಸಿದ ನೀರು ಇನ್ನೊಂದಕ್ಕೆ ಸಿಗದು.

ಹಾಗೆಂದು ಕಬ್ಬನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ಅದಕ್ಕೆ ಕೇಂದ್ರ ಸರ್ಕಾರ ವರ್ಷವರ್ಷವೂ ಬೆಲೆ ನಿಗದಿ ಮಾಡುತ್ತದೆ. ಟೊಮೇಟೊಗೆ ಆ ಆಸರೆಯಿಲ್ಲ. 2023ರ ಜುಲೈಯಲ್ಲಿ ಪಟ್ಟಣಗಳಲ್ಲಿ ಕಿಲೋಗೆ 100 ರೂಪಾಯಿ ಮೀರಿದ ಹಣ್ಣು, ಫಸಲು ಒಮ್ಮೆಗೇ ಬಂದಾಗ ಕೀಳುವ ಕೂಲಿಯನ್ನೂ ಹುಟ್ಟಿಸದು. ರಾಗಿ ಹೆಚ್ಚು ಹಣ ತಾರದಿದ್ದರೂ ಮನೆಯ ಕಣಜ ತುಂಬೀತು. ಲಾಭದ ಜೊತೆಗೆ ಅಪಾಯವನ್ನೂ ತೂಗಿ ಆರಿಸಬೇಕು.

ಬಿತ್ತುವ ಮುನ್ನ ಒಂದು ಕೆಲಸ ಮಾಡಿರಿ. 200 ಲೀಟರಿನ ಪೀಪಾಯಿಯನ್ನು ಪಂಪಿನ ಬಾಯಿಗೆ ಹಿಡಿದು ಹೊತ್ತು ನೋಡಿರಿ. 40 ಸೆಕೆಂಡಿಗೆ ತುಂಬಿದರೆ ಗಂಟೆಗೆ 18,000 ಲೀಟರು. ಎಕರೆಗೆ ಒಂದು ಅಂಗುಲ ಹಾಯಿಸಲು ಸುಮಾರು ಆರು ಗಂಟೆ. ಬೇಸಿಗೆಯಲ್ಲಿ ಬಾವಿ ಬತ್ತದೆ ದಿನಕ್ಕೆಷ್ಟು ಗಂಟೆ ಓಡೀತೆಂಬುದು ನಿಮಗೇ ಗೊತ್ತು. ವರ್ಷವಿಡೀ ನಿಲ್ಲುವ ಕಬ್ಬಿಗೆ ಆ ಬೇಸಿಗೆಯ ನೀರೇ ಗಡಿ. ಅದು ಸಾಲದಿದ್ದರೆ ಹಾಕಿದ ಹಣವೂ ಹರಿಸಿದ ನೀರೂ ಎರಡೂ ನಷ್ಟ.

ಹಾಸಿಗೆಯಿದ್ದಷ್ಟು ಕಾಲು ಚಾಚೆಂದರು ಹಿರಿಯರು. ಮೊದಲು ಹಾಸಿಗೆಯನ್ನು ಅಳೆಯೋಣ. ಮನೆಗೆ ಬೇಕಾದ ರಾಗಿಗೆ ನೀರನ್ನು ತೆಗೆದಿಟ್ಟು, ಉಳಿದ ಪ್ರತಿ ಅಂಗುಲವೂ ಯಾವ ಬೆಳೆಯಲ್ಲಿ ಹೆಚ್ಚು ಗಳಿಸೀತೆಂದು ನೋಡಿ ಹಂಚುವುದು ಲೇಸು.